ನಿನ್ನ ಚೀಟಿ ಸಾಹುಕಾರನ ಬಗ್ಗೆ ಒಂದು ತಕರಾರು

ಪ್ರೀತಿಯ ಗೆಳೆಯ,

ನಿನ್ನ ಕಾದಂಬರಿಯ ಕರಡು ಓದಿ ಮುಗಿಸಿದೆ. ತಿಪಟೂರಿನ ಕೊಬ್ಬರಿ ವ್ಯಾಪಾರ, ಹರಾಜಿನ ದಿನದ ಗಲಾಟೆ ಎಲ್ಲ ಚೆನ್ನಾಗಿ ಬಂದಿದೆ. ತಕರಾರು ಇರುವುದು ಚೀಟಿ ನಡೆಸುವ ಆ ಸಾಹುಕಾರನ ಬಗ್ಗೆ.

ಅವನು ಬಾಯಿ ತೆರೆದ ಕೂಡಲೇ ಕಳ್ಳ ಅಂತ ಗೊತ್ತಾಗುತ್ತದೆ. ಓದುವವರಿಗೇ ಇಷ್ಟು ಬೇಗ ಗೊತ್ತಾದರೆ, ಅವನಲ್ಲಿ ದುಡ್ಡು ಕಟ್ಟುವ ಊರವರು ಪೆದ್ದರಾಗಿ ಕಾಣುತ್ತಾರೆ, ಅಲ್ವಾ? ಕೊಬ್ಬರಿ ಕೈಗೆತ್ತಿಕೊಂಡು ನೋಡಿಯೇ ಬೆಲೆ ಕಟ್ಟುವ ಜನ ಕಣೋ ಅವರು.

ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ (1964) ಮತ್ತೆ ತೆಗೆದು ಓದು. ಶೇಖ್ ಇಮಾಮುದ್ದೀನ್ ಸುಲ್ತಾನನನ್ನು ಊರೂರಲ್ಲಿ ಬೈದುಕೊಂಡು ತಿರುಗುವ ಧರ್ಮಗುರು. ಸುಲ್ತಾನ ದಿಲ್ಲಿಯಲ್ಲೇ ಅವನಿಗೆ, ಮಾತಾಡು ಅಂತ ಸಭೆ ಏರ್ಪಡಿಸುತ್ತಾನೆ. ಒಬ್ಬರೂ ಹೋಗದಂತೆ ಸೈನಿಕರಿಂದ ತಡೆಸುವವನೂ ಅವನೇ! ಖಾಲಿ ಸಭೆಯ ಮುಂದೆ ನಿಂತ ಶೇಖನನ್ನು ಬೆದರಿಸುವುದಿಲ್ಲ, ಆಸೆ ತೋರಿಸುವುದೂ ಇಲ್ಲ. ಅವಧ್ ಪ್ರಾಂತದ ಅಧಿಕಾರಿ ಐನ್-ಉಲ್-ಮುಲ್ಕ್ ದಂಡೆತ್ತಿ ಬರುತ್ತಿದ್ದಾನೆ, ಮುಸಲ್ಮಾನರ ರಕ್ತ ಹರಿಯುತ್ತದೆ, ನೀವು ಸಂಧಾನಕ್ಕೆ ಹೋದರೆ ತಪ್ಪಬಹುದು ಅನ್ನುತ್ತಾನೆ. ಶೇಖ್ ಒಳ್ಳೆಯವನು. ಒಪ್ಪಿಬಿಡುತ್ತಾನೆ. ನೋಡಲು ಸುಲ್ತಾನನಂತೆಯೇ ಇರುವ ಅವನು ರಾಜನ ಉಡುಪಿನಲ್ಲಿ ಆನೆ ಏರಿ ಹೋಗಿ ಸಾಯುತ್ತಾನೆ. ಅವನು ಸತ್ತದ್ದು ದುರಾಸೆಯಿಂದಲ್ಲ. ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಖಳ ಇಯಾಗೋ ಕೂಡ ನಾಯಕಿ ಡೆಸ್ಡಿಮೋನಾಳ ಒಳ್ಳೆಯತನದಿಂದಲೇ ಎಲ್ಲರಿಗೂ ಬಲೆ ಹೆಣೆಯುತ್ತೇನೆ ಅಂತ ಹೇಳಿಕೊಳ್ಳುತ್ತಾನೆ. (‘ತುಘಲಕ್’ನಲ್ಲೇ ಬರುವ ಮೋಸಗಾರ ಅಜೀಜನ ಆಟ ಇನ್ನೂ ಮಜಾ. ಸುಲ್ತಾನನ ನ್ಯಾಯಪ್ರೀತಿಯನ್ನೇ ಹಿಡಿದುಕೊಂಡು ಸುಲ್ತಾನನಿಗೇ ಟೋಪಿ ಹಾಕುತ್ತಾನೆ.)

ನಿನ್ನ ಕರಡಿನಲ್ಲೂ ಶೇಖನಂಥ ಒಳ್ಳೆಯವರೊಬ್ಬರಿದ್ದಾರೆ, ಆ ಮೇಷ್ಟ್ರು. ನೀನು ಅವರನ್ನು ಎರಡು ಪುಟದಲ್ಲಿ ಮುಗಿಸಿಬಿಟ್ಟಿದ್ದೀಯ. ಸಾಹುಕಾರ ಮೊದಲು ಹೋಗಬೇಕಾದದ್ದು ಅವರ ಮನೆಗೆ. ದುಡ್ಡು ಕೇಳುವುದು ಬೇಡ. ‘ಬಡವರ ಮಕ್ಕಳ ಓದಿಗೆ ಆಗುತ್ತೆ ಸಾರ್, ನೀವು ಹೇಳಿದ್ರೆ ಜನ ನಂಬ್ತಾರೆ’ ಅಂದರೆ ಸಾಕು. ಮೇಷ್ಟ್ರು ತಾವೇ ಓಡಾಡಿ ಹತ್ತಾರು ಮನೆಯವರನ್ನು ಸೇರಿಸುತ್ತಾರೆ. ಆಮೇಲೆ ಲೆಕ್ಕದಲ್ಲಿ ಏನೋ ಎಡವಟ್ಟು ಕಂಡರೂ ಬಾಯಿ ಬಿಡುವುದು ಕಷ್ಟ. ಸೇರಿಸಿದವರು ತಾವೇ ಅಲ್ವಾ? ಸಾಹುಕಾರ ಬೆದರಿಸಬೇಕಾಗಿಲ್ಲ. ದಾರಿಯಲ್ಲಿ ಸಿಕ್ಕಾಗ ಎಲ್ಲರೆದುರು ಕಾಲು ಮುಟ್ಟಿ ನಮಸ್ಕಾರ ಮಾಡಿದರೆ ಆಯಿತು. ಯಾರ ಕೈ ಮೇಲಾಗಿದೆ ಅಂತ ಅವರಿಬ್ಬರಿಗೆ ಮಾತ್ರ ಗೊತ್ತು.

ಅವನ ಕುಹಕದ ನಗುವನ್ನಂತೂ ತೆಗೆದುಹಾಕು. ಸುಮ್ನೆ ಸಿನಿಮಾ ಖಳನಾಯಕನ ಥರ ಆಗಿದೆ. ಮೇಷ್ಟ್ರ ಹೆಂಡತಿಗೆ ಇದೆಲ್ಲ ಮೊದಲೇ ವಾಸನೆ ಹೊಡೆದಿತ್ತು ಅಂತ ನನ್ನ ಅನುಮಾನ. ಅವರಿಗೊಂದು ಅಧ್ಯಾಯ ಕೊಟ್ಟು ನೋಡು. ತಿದ್ದಿದ ಮೇಲೆ ತುಮಕೂರಿಗೇ ಬಾ, ಕೂತು ಓದೋಣ.

ನಿನ್ನ ಗೆಳೆಯ