ಅಮ್ಮನಿಗೆ, ಅರಳಿದ ಈರುಳ್ಳಿಯ ವಿಷಯ

ಅಟ್ಲಾಂಟಾ
ಭಾನುವಾರ

ಪ್ರೀತಿಯ ಅಮ್ಮ,

ನಾವಿಲ್ಲಿ ಕ್ಷೇಮ. ಮೊನ್ನೆ ವೀಡಿಯೋ ಕಾಲ್ ಮಧ್ಯೆ ನೆಟ್‌ವರ್ಕ್ ಕೈಕೊಟ್ಟಿತು. "ಆ ಹೂವಿನ ಥರದ ಈರುಳ್ಳಿ ಹೇಗೆ ಮಾಡಿದೆ, ಬರೆದು ಕಳಿಸು" ಅಂದಿದ್ದೆಯಲ್ಲ, ಅದಕ್ಕೇ ಈ ಪತ್ರ. ಅಕ್ಕನ ಮಕ್ಕಳು ರಜಕ್ಕೆ ಬಂದಾಗ ಮಾಡಿಕೊಡು, ಕುಣಿದಾಡ್ತಾರೆ.

ಇಲ್ಲಿ ಇದಕ್ಕೆ ಬ್ಲೂಮಿಂಗ್ ಆನಿಯನ್ ಅಂತಾರೆ. ಇದನ್ನು ದೇಶಕ್ಕೆಲ್ಲ ಗೊತ್ತುಮಾಡಿದ್ದು ಔಟ್‌ಬ್ಯಾಕ್ ಸ್ಟೇಕ್‌ಹೌಸ್ ಅನ್ನೋ ಹೋಟೆಲಿನವರು. 1988ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಶುರುವಾದ ಹೋಟೆಲ್ ಅದು. ಹೆಸರು, ಅಲಂಕಾರ ಎಲ್ಲ ಆಸ್ಟ್ರೇಲಿಯಾದ್ದು, ಈರುಳ್ಳಿ ಮಾತ್ರ ಅಪ್ಪಟ ಅಮೆರಿಕದ್ದು. ಊಟಕ್ಕೆ ಮುಂಚೆ ಮೇಜಿನ ಮಧ್ಯೆ ಒಂದು ತಂದಿಡ್ತಾರೆ. ಎಲ್ಲರೂ ಒಂದೊಂದೇ ಎಸಳು ಕಿತ್ತು ತಿನ್ನೋದು.

ಅಪ್ಪನಿಗೆ ಇದನ್ನು ಓದಿ ಹೇಳು. ನಮ್ಮ ಜಾರ್ಜಿಯಾ ರಾಜ್ಯದಲ್ಲಿ ವಿಡೇಲಿಯಾ ಅನ್ನೋ ಈರುಳ್ಳಿ ಬೆಳೀತಾರೆ. ಏಪ್ರಿಲ್ ಮಧ್ಯದ ಹೊತ್ತಿಗೆ ಅಂಗಡಿಗೆ ಬರುತ್ತೆ. ಅಲ್ಲಿನ ಮಣ್ಣಿನಲ್ಲಿ ಗಂಧಕ ಕಡಿಮೆ, ಅದಕ್ಕೇ ಘಾಟೂ ಕಡಿಮೆ. ಹಸಿಯಾಗೇ ತಿನ್ನುವಷ್ಟು ಸಿಹಿ. ಬರೀ 20 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಥರ) ಬೆಳೆದದ್ದಕ್ಕೆ ಮಾತ್ರ ಆ ಹೆಸರು, ಬೇರೆ ಕಡೆ ಬೆಳೆದು ಆ ಹೆಸರಲ್ಲಿ ಮಾರೋ ಹಾಗಿಲ್ಲ. ನೀರಿನ ಅಂಶ ಜಾಸ್ತಿ, ಆದ್ದರಿಂದ ತುಂಬ ದಿನ ಇಟ್ಟರೆ ಕೊಳೆಯುತ್ತೆ. ನಮ್ಮ ಚಿಕ್ಕಬಳ್ಳಾಪುರದ ಗುಲಾಬಿ ಈರುಳ್ಳಿ ಹೆಚ್ಚಿದರೆ ಪಕ್ಕದ ಮನೆಯವರೂ ಕಣ್ಣೊರೆಸಿಕೊಳ್ಳಬೇಕು, ಅಲ್ವಾ? ಆದರೆ ಈ ತಿಂಡಿಗೆ ಅದು ಆಗಲ್ಲ, ತೀರಾ ಚಿಕ್ಕದು. ಮಾರ್ಕೆಟ್ಟಿನಲ್ಲಿ ಅಂಗೈ ತುಂಬುವ ದಪ್ಪ ಈರುಳ್ಳಿ ಆರಿಸಿ ತರೋಕೆ ಹೇಳು. ಒಳಗೆ ಎರಡು ಗಡ್ಡೆ ಇರೋ ಜೋಡಿ ಈರುಳ್ಳಿ ಬೇಡ, ಅದು ಅರಳೋದೇ ಇಲ್ಲ.

ಕೊಯ್ಯೋದರಲ್ಲೇ ಇರೋದು ಎಲ್ಲ. ತುದಿಯನ್ನು ಅರ್ಧ ಅಂಗುಲ ಕತ್ತರಿಸಿ ಸಿಪ್ಪೆ ತೆಗಿ. ಬುಡ ಹಾಗೇ ಇರಲಿ, ಬೇರಿನ ಎಳೆ ಸವರಿದರೆ ಸಾಕು. ಕತ್ತರಿಸಿದ ಕಡೆ ಕೆಳಗೆ ಬರೋ ಹಾಗೆ ಬೋರಲು ಇಡು. ಬುಡದ ಸುತ್ತ ಅರ್ಧ ಅಂಗುಲ ಬಿಟ್ಟು, ಚಾಕು ಊರಿ ನೇರ ಹಲಗೆ ತನಕ ಇಳಿಸು. ನಾಲ್ಕು ದಿಕ್ಕಿಗೆ ನಾಲ್ಕು ಸೀಳು, ಆಮೇಲೆ ಅವುಗಳ ನಡುವೆ ಎರಡೆರಡು. ಈಳಿಗೆ ಮಣೆಯಲ್ಲಿ ಇದು ಸಾಧ್ಯವಿಲ್ಲ ಅಮ್ಮ, ನೀನು ಎಷ್ಟು ಬೈದರೂ ಚಾಕುನೇ ಬೇಕು. ಆಮೇಲೆ ಮಗುಚಿ, ಐಸ್ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡು. ತಣ್ಣೀರಿಗೆ ಎಸಳು ಬಿರುಸಾಗಿ ತಾವಾಗೇ ಬಿಚ್ಚಿಕೊಳ್ಳುತ್ತವೆ. ತೆಗೆದು, ಮತ್ತೆ ಬೋರಲು ಹಾಕಿ ನೀರೆಲ್ಲ ಸೋರಿಸು. ಒಳಗೆ ನೀರು ನಿಂತಿದ್ದರೆ ಎಣ್ಣೆ ಸಿಡಿಯುತ್ತೆ, ಹುಷಾರು.

ಬಜ್ಜಿ ಹಿಟ್ಟು ಕಲಸೋಕೆ ಹೋಗಬೇಡ. ಗಟ್ಟಿ ಹಿಟ್ಟಿಗೆ ಎಸಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆ ಆಗುತ್ತೆ. ಎರಡು ಲೋಟ ಮೈದಾಕ್ಕೆ ಅರ್ಧ ಲೋಟ ಅಕ್ಕಿ ಹಿಟ್ಟು, ಅಚ್ಚಖಾರದ ಪುಡಿ, ಕಾಳುಮೆಣಸು, ಜೀರಿಗೆ ಪುಡಿ, ಉಪ್ಪು ಬೆರೆಸಿಕೋ. ಅಕ್ಕಿ ಹಿಟ್ಟು ನಾನು ಸೇರಿಸಿದ್ದು, ಗರಿಗರಿ ಜಾಸ್ತಿ ಹೊತ್ತು ಉಳಿಯುತ್ತೆ. ಇಲ್ಲಿಯವರು ಹಾಲಿಗೆ ಮೊಟ್ಟೆ ಒಡೆದು ಅದರಲ್ಲಿ ಅದ್ದುತ್ತಾರೆ. ನೀನು ಮಜ್ಜಿಗೆ ತಗೋ, ಏನೂ ಕಮ್ಮಿ ಆಗಲ್ಲ. ಒಣ ಹಿಟ್ಟು, ಮಜ್ಜಿಗೆ, ಮತ್ತೆ ಒಣ ಹಿಟ್ಟು. ಪ್ರತಿ ಸಲವೂ ಬೆರಳಲ್ಲಿ ಎಸಳು ಬಿಡಿಸಿ ಬುಡದ ತನಕ ಉದುರಿಸು, ಹೆಚ್ಚಾದದ್ದನ್ನು ಕೊಡವು. ಕರಿಯೋ ಮುಂಚೆ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಹಿಟ್ಟು ಕಚ್ಚಿ ಹಿಡಿಯುತ್ತೆ.

ಆಳದ ಬಾಣಲೆ ಇಡು, ಈರುಳ್ಳಿ ಮುಳುಗುವಷ್ಟು ಎಣ್ಣೆ ಬೇಕು. ನಾನು ಥರ್ಮಾಮೀಟರ್ ಇಟ್ಟು 190 ಡಿಗ್ರಿ ನೋಡ್ತೀನಿ, ನಿನಗೆ ಅದೆಲ್ಲ ಯಾಕೆ, ಚಿಟಿಕೆ ಹಿಟ್ಟು ಬಿಟ್ಟರೆ ಗೊತ್ತಾಗುತ್ತೆ. ಜಾಲರಿಯಲ್ಲಿಟ್ಟು ಎಸಳು ಕೆಳಮುಖ ಮಾಡಿ ಮೆಲ್ಲಗೆ ಇಳಿಸು. ಮೂರು ನಿಮಿಷ ಬಿಟ್ಟು ಮಗುಚು, ಇನ್ನೊಂದು ಮೂರು ನಿಮಿಷ. ಅಂಚು ಕಂದಾದರೂ ನಡುಭಾಗ ಬೆಳ್ಳಗೇ ಇರುತ್ತೆ, ಅಲ್ಲಿಗೆ ಸೌಟಿನಲ್ಲಿ ಬಿಸಿ ಎಣ್ಣೆ ಹೊಯ್ಯುತ್ತಿರು.

ನಂಚಿಕೊಳ್ಳೋಕೆ ಇಲ್ಲಿ ಮಯೋನೀಸ್, ಕೆಚಪ್ ಜೊತೆ ಹಾರ್ಸ್‌ರ‍್ಯಾಡಿಶ್ ಅನ್ನೋ ಬೇರು ತುರಿದು ಹಾಕ್ತಾರೆ. ಅದು ಸಾಸಿವೆ ಜಾತಿಯದೇ. ಖಾರ ನಾಲಿಗೆಗಿಂತ ಮೂಗಿಗೆ ಏರುತ್ತೆ. ಹಾಗಾಗಿ ನೀನು ಸೌತೆಕಾಯಿಗೆ ಮಾಡ್ತೀಯಲ್ಲ, ಹಸಿ ಸಾಸಿವೆ ಅರೆದು ಮೊಸರಿಗೆ ಹಾಕೋದು, ಅದನ್ನೇ ಗಟ್ಟಿಯಾಗಿ ಮಾಡು. ನನಗೆ ಮಯೋನೀಸ್‌ಗಿಂತ ಅದೇ ಮೇಲು ಅನ್ನಿಸಿತು.

ಬಿಸಿ ಇರುವಾಗಲೇ ಕೊಡು, ಆರಿದರೆ ಮೆತ್ತಗಾಗುತ್ತೆ. ಅಪ್ಪನಿಗೆ ಎರಡೇ ಎಸಳು, ಬಿಪಿ ಇದೆ. ಮೊಮ್ಮಕ್ಕಳ ತಟ್ಟೆಯಿಂದ ಎತ್ತಿಕೊಳ್ಳದ ಹಾಗೆ ಅಜ್ಜಿಗೆ ಕಾವಲಿಗೆ ಕೂರೋಕೆ ಹೇಳು.

ನಿನ್ನ ಮಗಳು