ಮನೆಯ ಶೆಡ್ಡಿನಲ್ಲಿ ಪದ್ಮಿನಿ ಕಾರು ಬಿಚ್ಚುವ ಮೊದಲು

ಪ್ರೀತಿಯ ಚೇತನ್‌ಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. 1978ರ ಪ್ರೀಮಿಯರ್ ಪದ್ಮಿನಿ ಕಾರು, ನಾಲ್ಕೂ ಬಾಗಿಲು ಒರಿಜಿನಲ್, ಟಾಪ್ (ಚಾವಣಿ) ಮೇಲೆ ಒಂದು ಡೆಂಟ್ ಇಲ್ಲ. ಒಳ್ಳೇ ಗಾಡಿ ಸಿಕ್ಕಿದೆ ಕಣೋ. ನಿಮ್ಮಮ್ಮ ಫೋನ್ ಮಾಡಿ "ಅಣ್ಣಾ, ಇವನಿಗೆ ಬೇಡ ಅಂತ ನೀನಾದರೂ ಹೇಳು" ಅಂದಳು. ನಾನು ಬೇಡ ಅನ್ನುವುದಿಲ್ಲ. ಗಾಡಿಯ ತಗಡು ಸರಿ ಮಾಡುವ ಟಿಂಕರಿಂಗ್ ಶೆಡ್ಡಿನಲ್ಲೇ ಜೀವನ ಕಳೆದವನು ನಾನು, ಮನೆಯ ಹುಡುಗನೊಬ್ಬ ಸುತ್ತಿಗೆ ಹಿಡಿಯುತ್ತೇನೆ ಅಂದರೆ ನನಗೆ ಖುಷಿಯೇ. ಆದರೆ ನಿನ್ನ ಪ್ಲಾನ್ ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಗಾಡಿ ಪೂರ್ತಿ ಬಿಚ್ಚಿ, ಟಾಪ್ ಕತ್ತರಿಸಿ ಇಳಿಸಿ, ಚಕ್ರದ ಮೇಲಿನ ಫೆಂಡರ್ ಅಗಲ ಮಾಡಿ, ಕೊನೆಗೆ ಅಲ್ಲೇ ಬಣ್ಣ ಹೊಡೆಯುವುದು ಅಂತ ಬರೆದಿದ್ದೀಯ. ಆ ಶೆಡ್ಡನ್ನು ನಾನು ನೋಡಿದ್ದೇನೆ ಅಲ್ವಾ. 30-40 ಸೈಟಿನ ಮನೆ. ಮೇಲೆ ಅಜ್ಜಿಯ ರೂಮು, ನೆಲದಡಿ ಸಂಪು, ಮೂಲೆಯಲ್ಲಿ ಯುಪಿಎಸ್ ಬ್ಯಾಟರಿ, ಪಕ್ಕದಲ್ಲಿ ಅಪ್ಪನ ಸ್ಕೂಟರ್. ಅಲ್ಲಿ ತಗಡಿನ ಕೆಲಸ ಮಾಡಬಹುದು. ಬಣ್ಣ ಹೊಡೆಯಬಾರದು. ಗಾಡಿಯನ್ನು ಒಂದೇ ಸಲ ಪೂರ್ತಿ ಬಿಚ್ಚಲೂಬಾರದು. ಮುಖ್ಯವಾಗಿ ಹೇಳಬೇಕಾದದ್ದು ಇಷ್ಟೇ, ಯಾಕೆ ಹೇಗೆ ಅನ್ನುವುದನ್ನು ಮುಂದೆ ಬರೆಯುತ್ತೇನೆ, ಸಮಾಧಾನವಾಗಿ ಓದು.

ಮೊದಲು ಜಾಗದ ಲೆಕ್ಕ. ಪದ್ಮಿನಿ ಹೆಚ್ಚುಕಮ್ಮಿ 13 ಅಡಿ ಉದ್ದ, 5 ಅಡಿಗಿಂತ ಸ್ವಲ್ಪ ಕಡಿಮೆ ಅಗಲ. 10 ಅಡಿ ಅಗಲದ ಶೆಡ್ಡಿನ ನಡುವೆ ನಿಲ್ಲಿಸಿದರೆ ಎರಡೂ ಕಡೆ ಎರಡೂವರೆ ಅಡಿ ಉಳಿಯುತ್ತದೆ, ಎರಡು ಕಡೆಯೂ ಕೆಲಸಕ್ಕೆ ಸಾಲುವುದಿಲ್ಲ. ಬಾಗಿಲು ಪೂರ್ತಿ ತೆರೆಯುವುದಿಲ್ಲ, ಸುತ್ತಿಗೆ ಬೀಸಲು ಕೈ ಆಡುವುದಿಲ್ಲ. ಅದಕ್ಕೇ ಗಾಡಿಯನ್ನು ಒಂದು ಗೋಡೆಗೆ ಒತ್ತಿ ನಿಲ್ಲಿಸು. ಆಗ ಇನ್ನೊಂದು ಕಡೆ ನಾಲ್ಕು ಅಡಿಗೂ ಜಾಸ್ತಿ ಜಾಗ ಸಿಗುತ್ತದೆ. ಆ ಕಡೆಯ ಕೆಲಸ ಬಣ್ಣಕ್ಕೆ ಮೊದಲು ಬಳಿಯುವ ಅಡಿ ಕೋಟ್ ಆದ ಪ್ರೈಮರ್‌ವರೆಗೆ ಮುಗಿಸು, ಆಮೇಲೆ ಹೊರಗೆ ತಳ್ಳಿ ತಿರುಗಿಸಿ ಒಳಗೆ ತಾ. ಇದು ಆಗಬೇಕಾದರೆ ಗಾಡಿ ಯಾವಾಗಲೂ ನಾಲ್ಕು ಚಕ್ರದ ಮೇಲೆ ಉರುಳುವ ಹಾಗೆ ಇರಬೇಕು. ಸ್ಟೀರಿಂಗ್, ಹ್ಯಾಂಡ್‌ಬ್ರೇಕ್ ಎರಡಕ್ಕೂ ಕೈ ಹಾಕಬೇಡ.

ಪೂರ್ತಿ ಬಿಚ್ಚಿದರೆ ಏನಾಗುತ್ತದೆ ಗೊತ್ತಾ? ಬಾನೆಟ್, ಡಿಕ್ಕಿ, ನಾಲ್ಕು ಬಾಗಿಲು, ಸೀಟು, ಗಾಜು, ಬಂಪರ್, ಇವೆಲ್ಲ ಗಾಡಿಗಿಂತ ಜಾಸ್ತಿ ಜಾಗ ತಿನ್ನುತ್ತವೆ. ಒಂದು ವಾರದಲ್ಲಿ ಹಾಲ್‌ನ ಸೋಫಾ ಹಿಂದೆ ಬಾಗಿಲು, ಮಂಚದ ಕೆಳಗೆ ಬಂಪರ್. ಮನೆಯವರಿಗೆ ಬೇಜಾರು, ಅವರ ಮುಖ ನೋಡಿ ನಿನಗೂ ಬೇಜಾರು. ಆಮೇಲೆ ಯಾವ ಬೋಲ್ಟ್ ಎಲ್ಲಿಯದು ಅಂತ ಮರೆತುಹೋಗುತ್ತದೆ. ಪೂರ್ತಿ ಬಿಚ್ಚಿ ನಿಲ್ಲಿಸಿದ ಎಷ್ಟೋ ಒಳ್ಳೆ ಗಾಡಿಗಳು ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿದ್ದನ್ನು ನಾನು ನೋಡಿದ್ದೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಒಂದು ಮೂಲೆ ಬಿಚ್ಚು, ಸರಿ ಮಾಡು, ವಾಪಸ್ ಕೂರಿಸು, ಆಮೇಲೆ ಮುಂದಿನದು.

ಇದರಲ್ಲಿ ಇನ್ನೊಂದು ದೊಡ್ಡ ಕಾರಣ ಇದೆ. ಈ ಗಾಡಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಫ್ಲೋರು, ರನ್ನಿಂಗ್ ಬೋರ್ಡು, ಪಿಲ್ಲರ್, ಟಾಪ್ ಎಲ್ಲ ಸೇರಿ ಭಾರ ಹೊರುತ್ತವೆ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ತುಕ್ಕು ಹಿಡಿದಿದೆ ಅಂತ ಎರಡೂ ಕಡೆ ಒಟ್ಟಿಗೆ ಕತ್ತರಿಸಿದರೆ ಗಾಡಿ ನಡುವಿನಲ್ಲಿ ಜಗ್ಗುತ್ತದೆ. ಜಗ್ಗಿದ ಮೇಲೆ ಹೊಸ ಶೀಟ್ ಬೆಸೆದರೆ ಆ ಸೊಟ್ಟ ಹಾಗೇ ಕಾಯಂ ಆಗುತ್ತದೆ, ಬಾಗಿಲು ಜನ್ಮದಲ್ಲಿ ಸರಿಯಾಗಿ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಕತ್ತರಿಸುವ ಮೊದಲು ನಾಲ್ಕೂ ಬಾಗಿಲಿನ ಸುತ್ತಲ ಗ್ಯಾಪ್ ಅಳೆದು ಮಾಸ್ಕಿಂಗ್ ಟೇಪ್ ಮೇಲೆ ಬರೆದು ಅಲ್ಲಲ್ಲೇ ಅಂಟಿಸು. ಬಾಗಿಲು ಕೂರುವ ಜಾಗಕ್ಕೆ ಅಡ್ಡಲಾಗಿ ಒಂದು ಚೌಕ ಪೈಪ್ ಇಟ್ಟು ಟ್ಯಾಕ್ ಹಾಕು, ಅಂದರೆ ಚುಕ್ಕಿಯಷ್ಟೇ ಬೆಸೆ. ಆಮೇಲೆ ಒಂದು ಕಡೆ ಮಾತ್ರ ಕತ್ತರಿಸು. ಬೆಸೆಯುವ ಮೊದಲು ಬಾಗಿಲು ನೇತುಹಾಕಿ ಗ್ಯಾಪ್ ಮತ್ತೆ ನೋಡು.

ಈಗ ನಿನ್ನ ಕಸ್ಟಮ್ ಕನಸಿನ ವಿಷಯ. ಟಾಪ್ ಇಳಿಸುವುದನ್ನು ಬಿಟ್ಟುಬಿಡು ಕಂದಾ. ಟಾಪ್ ಇಳಿದರೆ ಗಾಜೂ ಚಿಕ್ಕದಾಗಬೇಕು, ಬಾಗಿಲಿನ ಗಾಜು ಟಫನ್ಡ್ ಆಗಿದ್ದರೆ ಅದನ್ನು ಕತ್ತರಿಸಲು ಆಗುವುದೇ ಇಲ್ಲ, ಮುಟ್ಟಿದರೆ ಪುಡಿ. ಕಾನೂನು ಕೂಡ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಿಸಿದವರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ಬಣ್ಣ ಬದಲಾಯಿಸಬಹುದು, ಆದರೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಹಾಕಿಸಬೇಕು. ಚಾಸಿಸ್ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸಲೇಬೇಡ. ಅಲ್ಲಿ ಪುಟ್ಟಿ (ತಗ್ಗು ತುಂಬುವ ಪೇಸ್ಟ್), ಬಣ್ಣ ದಪ್ಪ ಕೂರದಂತೆ ನೋಡಿಕೋ. ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ, ಅದು ಮೂಡದಿದ್ದರೆ ನಿನ್ನ ಪಾಡು ನೋಡಲಾಗದು.

ಕಾನೂನಿಗಿಂತ ನನ್ನ ಮನಸ್ಸಿಗೆ ಹತ್ತಿರವಾದ ಮಾತು ಬೇರೆ. ಗಾಡಿ 1978ರದು ಅಂದರೆ 2028ಕ್ಕೆ 50 ತುಂಬುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ ಶೆಲ್, ಎಂಜಿನ್ ಬದಲಾಗಿರಬಾರದು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ, ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಅಂತ ಮಾತ್ರ ತೆಗೆಯಬಹುದು. ನೀನು ಆ ದಾರಿ ಹಿಡಿಯಲೇಬೇಕು ಅಂತಿಲ್ಲ. ಆದರೆ ಇವತ್ತು ಟಾಪ್ ಕತ್ತರಿಸಿದರೆ ಆ ಬಾಗಿಲು ನೀನೇ ಮುಚ್ಚಿದ ಹಾಗೆ. ಪದ್ಮಿನಿ ತಯಾರಾಗುವುದು ನಿಂತು 20 ವರ್ಷದ ಮೇಲಾಯಿತು, ಮುಂಬೈಯಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಕೊನೆಯದೂ 2023ರ ಅಕ್ಟೋಬರ್‌ನಲ್ಲಿ ನಿಂತಿತು. ಕತ್ತರಿಸಿದ ಒರಿಜಿನಲ್ ತಗಡು ಮತ್ತೆ ಸಿಗುವುದಿಲ್ಲ. ನಿನ್ನ ಕೈಚಳಕ ತೋರಿಸಲು ಬೇಕಾದಷ್ಟು ಜಾಗ ಇದೆ. ನಾಲ್ಕೂ ಬಾಗಿಲಿನ ಗ್ಯಾಪ್ ಒಂದೇ ಸಮ ಇರುವ, ಪಕ್ಕದಿಂದ ನೋಡಿದರೆ ಒಂದು ಅಲೆಯೂ ಕಾಣದ ಪದ್ಮಿನಿಯನ್ನು ನೋಡಿದರೆ ಗೊತ್ತಿರುವವರು ನಿಂತು ನೋಡುತ್ತಾರೆ. ಕುರ್ಲಾದ ಕಾರ್ಖಾನೆಯಿಂದ ಬರುವಾಗಲೂ ಅಷ್ಟು ಚೆನ್ನಾಗಿ ಇರುತ್ತಿರಲಿಲ್ಲ.

ತಗಡಿನ ವಿಷಯಕ್ಕೆ ಬರುತ್ತೇನೆ. ಡೆಂಟ್ ತೆಗೆಯುವಾಗ ಕಣ್ಣಿಗಿಂತ ಅಂಗೈ ನಂಬು. ತೆಳ್ಳನೆಯ ಕಾಟನ್ ಬಟ್ಟೆ ಪ್ಯಾನೆಲ್ ಮೇಲೆ ಇಟ್ಟು, ಅದರ ಮೇಲೆ ಅಂಗೈ ಚಪ್ಪಟೆ ಇಟ್ಟು ಉದ್ದಕ್ಕೆ ನಿಧಾನವಾಗಿ ಎಳೆ. ಬೆರಳ ತುದಿ ಬೇಡ, ಪೂರ್ತಿ ಕೈ. ಉಬ್ಬು ಎಲ್ಲಿ, ತಗ್ಗು ಎಲ್ಲಿ ಅಂತ ತಾನಾಗೇ ತಿಳಿಯುತ್ತದೆ. ತಗಡಿನ ಹಿಂದೆ ಡಾಲಿ, ಅಂದರೆ ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ, ಹಿಡಿದು ಅದರ ನೇರಕ್ಕೇ ಸುತ್ತಿಗೆ ಬಿದ್ದರೆ ತಗಡು ಹಿಗ್ಗುತ್ತದೆ. ಡಾಲಿ ತಗ್ಗಿನ ಕೆಳಗೆ, ಸುತ್ತಿಗೆ ಪಕ್ಕದ ಉಬ್ಬಿನ ಮೇಲೆ ಬಿದ್ದರೆ ತಗ್ಗು ಮೇಲೇಳುತ್ತದೆ, ಉಬ್ಬು ಇಳಿಯುತ್ತದೆ. ಹೊಸಬರು ಎಲ್ಲವನ್ನೂ ಡಾಲಿಯ ಮೇಲೇ ಹೊಡೆಯುತ್ತಾರೆ, ತಗಡು ಹಿಗ್ಗಿ ಹಿಗ್ಗಿ ಒತ್ತಿದರೆ ಟಕ್ ಟಕ್ ಅನ್ನುವ ಹಾಗೆ ಆಗುತ್ತದೆ. ಸಣ್ಣ ಪೆಟ್ಟು, ಜಾಸ್ತಿ ಪೆಟ್ಟು. ಆಮೇಲೆ ಬಾಡಿ ಫೈಲ್ (ತಗಡು ಉಜ್ಜುವ ಅರ) ಹಗುರವಾಗಿ ಒಂದು ಸಲ ಎಳೆ. ಉಬ್ಬು ಇರುವ ಕಡೆ ಬೆಳ್ಳಗೆ ಹೊಳೆಯುತ್ತದೆ, ತಗ್ಗು ಹಾಗೇ ಮಂಕಾಗಿ ಉಳಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಟ್ಯೂಬ್‌ಲೈಟಿನ ಬಿಂಬ ನೋಡುವುದೂ ಒಳ್ಳೆಯದು, ಗೆರೆ ಎಲ್ಲಿ ಬಾಗುತ್ತದೋ ಅಲ್ಲಿ ಇನ್ನೂ ಕೆಲಸ ಇದೆ.

ತುಕ್ಕು ತಿಂದ ಕಡೆ ಪುಟ್ಟಿ ಮೆತ್ತಬೇಡ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಹಾಕು, 20 ಗೇಜ್ ಅಂದರೆ 0.9 ಮಿ.ಮೀ. ಸತು ಲೇಪಿಸಿದ ಜಿಐ ಶೀಟ್ ಅಗ್ಗ ಅಂತ ತರಬೇಡ, ಬೆಸೆಯುವಾಗ ಸತುವಿನ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ. ಗೇಟು ಬೆಸೆಯುವ ಆರ್ಕ್ ಮಷೀನ್ ಈ ತಗಡಿಗೆ ಆಗುವುದಿಲ್ಲ, ತೂತು ಬೀಳುತ್ತದೆ. ನಮ್ಮ ಕಡೆ ಸಿಓಟು ಅನ್ನುವ ಮಿಗ್ ಮಷೀನ್ ಬೇಕು, 0.8ಕ್ಕಿಂತ ದಪ್ಪ ವೈರ್ ಬೇಡ. ಉದ್ದಕ್ಕೆ ಎಳೆಯಬೇಡ. ಈ ತುದಿಯಲ್ಲಿ ಒಂದು ಟ್ಯಾಕ್, ಆ ತುದಿಯಲ್ಲಿ ಒಂದು, ನಡುವೆ ಒಂದು. ಕೈ ಇಡುವಷ್ಟು ಆರಿದ ಮೇಲೆ ಮುಂದಿನದು. ಆತುರ ಮಾಡಿದರೆ ತಗಡು ಹಪ್ಪಳದ ಹಾಗೆ ಏಳುತ್ತದೆ. ಗ್ಯಾಸ್ ವೆಲ್ಡಿಂಗ್ ಸೆಟ್ ಬಾಡಿಗೆಗೆ ತರುತ್ತೇನೆ ಅಂದಿದ್ದೀಯ. ಅಸಿಟಿಲಿನ್ ಸಿಲಿಂಡರ್ ಆ ಮನೆಯ ಕಾಂಪೌಂಡ್ ಒಳಗೆ ಬರಕೂಡದು. ಇದನ್ನು ನಾನು ಸಲಹೆ ಅಂತ ಹೇಳುತ್ತಿಲ್ಲ.

ಬೆಂಕಿಯ ವಿಷಯ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೈದುಕೊಳ್ಳಬೇಡ. ವೆಲ್ಡಿಂಗ್ ಶುರು ಮಾಡುವ ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿಸಿ ರೇಡಿಯೇಟರ್ ಅಂಗಡಿಗೆ ಕೊಡು, ಅವರು ತೊಳೆದು ತುಕ್ಕು ತೆಗೆದು ಇಟ್ಟುಕೊಂಡಿರಲಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ಇರುತ್ತದೆ. ಗಾಡಿಯ ಬ್ಯಾಟರಿ ತೆಗೆ, ಸ್ಕೂಟರ್ ಹೊರಗೆ ನಿಲ್ಲಿಸು, ಯುಪಿಎಸ್ ಬ್ಯಾಟರಿಯನ್ನು ಬೇರೆ ಕಡೆ ಹಾಕಿಸು, ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ. ಫ್ಲೋರಿನ ಅಡಿಗೆ ಹಳೇ ಕಾಲದಲ್ಲಿ ಬಳಿದ ಡಾಂಬರಿನಂಥ ಕೋಟಿಂಗ್ ಇರುತ್ತದೆ, ಮೇಲಿನಿಂದ ಬೆಸೆದರೆ ಕೆಳಗೆ ಅದು ಹೊತ್ತಿ ತೊಟ್ಟಿಕ್ಕುತ್ತದೆ, ನಿನಗೆ ಕಾಣುವುದೂ ಇಲ್ಲ. ಕೆರೆದು ತೆಗೆ. ಒಬ್ಬನೇ ಇರುವಾಗ ವೆಲ್ಡಿಂಗ್ ಬೇಡ. ಒಂದು ಡ್ರೈ ಪೌಡರ್ ಎಕ್ಸ್‌ಟಿಂಗ್ವಿಷರ್, ಒಂದು ಬಕೆಟ್ ನೀರು, ನೆನೆಸಿದ ಗೋಣಿಚೀಲ ಕೈಗೆ ಸಿಗುವ ಹಾಗಿರಲಿ. ಕೆಲಸ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಇರು. ಶಟರ್ ಯಾವತ್ತೂ ಪೂರ್ತಿ ಮೇಲೆ, ವೆಲ್ಡಿಂಗ್ ಮಷೀನಿನಿಂದ ಬರುವ ಸಿಓಟು ಗ್ಯಾಸ್ ಗಾಳಿಗಿಂತ ಭಾರ, ಮುಚ್ಚಿದ ಜಾಗದಲ್ಲಿ ಕೆಳಗೆ ತುಂಬಿಕೊಳ್ಳುತ್ತದೆ.

ಸಂಪಿನ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ಥಿನ್ನರ್ ಆವಿ ಕೂಡ ಗಾಳಿಗಿಂತ ಭಾರ. ನೆಲಕ್ಕೆ ಇಳಿದು ಸಂಪಿನ ಮುಚ್ಚಳದ ಸಂದಿಯಲ್ಲಿ ಒಳಗೆ ಹೋಗುತ್ತದೆ. ಒಳಗಿನಿಂದ ನಿಮ್ಮಮ್ಮ ಮೋಟಾರ್ ಸ್ವಿಚ್ ಹಾಕಿದರೆ ಮೋಟಾರಿನ ಹತ್ತಿರ ಒಂದು ಕಿಡಿ ಸಾಕು. ಅದಿಲ್ಲದಿದ್ದರೂ ನೀವು ಕುಡಿಯುವ ನೀರಿಗೆ ಪುಟ್ಟಿಯ ಪುಡಿ, ಗ್ರೈಂಡರ್ ಪುಡಿ ಬೀಳುವುದು ಬೇಡ ಅಲ್ವಾ. ಮುಚ್ಚಳದ ಸುತ್ತ ಟೇಪ್ ಹಾಕಿ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸು, ಥಿನ್ನರ್ ಡಬ್ಬ ಶೆಡ್ಡಿನಲ್ಲಿ ಇಡಲೇಬೇಡ.

ಪುಟ್ಟಿ 3 ಮಿ.ಮೀ. ಮೀರಬಾರದು. ಅದು ಗಟ್ಟಿಯಾಗಲು ಬೆರೆಸುವ ಹಾರ್ಡನರ್ ತೂಕದಲ್ಲಿ ನೂರಕ್ಕೆ ಎರಡು ಭಾಗ. ಬೇಗ ಒಣಗಲಿ ಅಂತ ಹಾರ್ಡನರಿನ ಕೆಂಪು ಟ್ಯೂಬ್ ಜಾಸ್ತಿ ಹಿಂಡಿದರೆ ಬಿಳಿ, ಕೆನೆ ಬಣ್ಣದ ಮೇಲೆ ಮುಂದೆ ಕಲೆ ಎದ್ದು ಕಾಣುತ್ತದೆ. ಪುಟ್ಟಿ ಒಣಗಿಸಿಯೇ ಉಜ್ಜು, ನೀರು ಹಾಕಬೇಡ, ಅದು ನೀರು ಹೀರಿಕೊಂಡು ಒಳಗಿನಿಂದ ತುಕ್ಕು ಶುರುವಾಗುತ್ತದೆ. ಮಳೆಗಾಲದಲ್ಲಿ ಬರಿ ತಗಡನ್ನು ಒಂದು ರಾತ್ರಿಯೂ ಹಾಗೇ ಬಿಡಬಾರದು. ಅವತ್ತಿನ ಕೆಲಸಕ್ಕೆ ಅವತ್ತೇ ಇಪಾಕ್ಸಿ ಪ್ರೈಮರ್ ಬ್ರಷ್‌ನಲ್ಲಿ ಬಳಿ, ಕೈಗವಸು ಹಾಕಿಕೊಂಡು. ರೆಡ್ ಆಕ್ಸೈಡ್ ಬೇಡ, ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಬಿದ್ದಾಗ ಸುಕ್ಕೇಳುವ ಸಾಧ್ಯತೆ ಇದೆ.

ಕೊನೆಯದಾಗಿ ಬಣ್ಣ. ಈಗಿನ ಪಿಯು ಬಣ್ಣದ ಹಾರ್ಡನರ್‌ನಲ್ಲಿ ಐಸೋಸೈನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಮಂಜಿನಂತೆ ತುಂಬುತ್ತದೆ, ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ತರುತ್ತದೆ. ಒಂದು ಸಲ ಮೈಗೆ ಒಗ್ಗದೇ ಹೋದರೆ ಆಮೇಲೆ ಚೂರೇ ಚೂರು ಮೂಗಿಗೆ ಹೋದರೂ ಉಸಿರು ಕಟ್ಟುತ್ತದೆ. ಕಾರ್ಬನ್ ಮಾಸ್ಕಿನ ಶಕ್ತಿ ಮುಗಿದಿದೆ ಅಂತ ವಾಸನೆಯಿಂದ ತಿಳಿಯುವುದೂ ಇಲ್ಲ. ನಮ್ಮ ಕಸುಬಿನ ಹಳೇ ಪೇಂಟರ್‌ಗಳಲ್ಲಿ ಮೆಟ್ಟಿಲು ಹತ್ತಲು ಆಗದೆ ಕೂತವರನ್ನು ಕಣ್ಣಾರೆ ಕಂಡಿದ್ದೇನೆ. ನಿನ್ನ ಶೆಡ್ಡಿನ ಗಾಳಿ ನೇರ ಅಜ್ಜಿಯ ಕಿಟಕಿಗೆ ಹೋಗುತ್ತದೆ. ಬಣ್ಣ ಹೊಡೆಯುವ ಬೂತ್ ಇರುವ, ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಹಾಕಿ ಕೆಲಸ ಮಾಡುವ ಕಡೆ ಕೊಡು. ಪ್ರೈಮರ್‌ವರೆಗೆ ನಿನ್ನದೇ ಕೆಲಸ, ಅದರಿಂದ ಉಳಿಯುವ ದುಡ್ಡು ಇಲ್ಲಿಗೆ ಹಾಕು. ನಾನು ಕೊಡುತ್ತೇನೆ ಅಂದರೂ ನೀನು ತೆಗೆದುಕೊಳ್ಳುವವನಲ್ಲ ಅಂತ ಗೊತ್ತು, ಆದರೂ ಕೇಳು.

ಅಕ್ಕಪಕ್ಕದವರಿಗೆ ಮೊದಲೇ ಹೇಳಿಬಿಡು. ಗ್ರೈಂಡರ್ ಬೆಳಿಗ್ಗೆ ಹತ್ತರ ಮೇಲೆ, ಸಂಜೆ ಆರರೊಳಗೆ. ಕಿಡಿ ಯಾರ ಕಾರಿನ ಗಾಜಿಗೂ ಸಿಡಿಯಬಾರದು, ಗಾಜಿನಲ್ಲಿ ಚುಚ್ಚಿಕೊಂಡರೆ ಹೋಗುವುದಿಲ್ಲ.

ಈ ವಾರ ಏನೂ ಬಿಚ್ಚಬೇಡ. ಆರ್‌ಸಿ, ಎಫ್‌ಸಿ ಚಾಲ್ತಿಯಲ್ಲಿದೆಯಾ ನೋಡು, ನಾಲ್ಕೂ ಬಾಗಿಲಿನ ಗ್ಯಾಪ್ ಅಳತೆ ಬರೆದು ಫೋಟೋ ಸಮೇತ ನನಗೆ ಕಳಿಸು. ಬಿಡಿಭಾಗಕ್ಕೆ ಬೆಂಗಳೂರಿಗೆ ಹೋಗುವುದಾದರೆ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಎರಡೂ ಒಟ್ಟಿಗೆ ಸುತ್ತೋಣ, ನಾನೂ ಬರುತ್ತೇನೆ, ಒಬ್ಬನೇ ಹೋಗಿ ಪುಟ್ಟಿ ಮೆತ್ತಿದ ಬಾಗಿಲು ತರಬೇಡ. ಅಯಸ್ಕಾಂತ ಒಂದು ಜೇಬಿನಲ್ಲಿರಲಿ, ದಪ್ಪ ಪುಟ್ಟಿ ಇರುವ ಕಡೆ ಅದು ಹಿಡಿಯುವುದಿಲ್ಲ. ನನ್ನ ಡಾಲಿಗಳು, ಎರಡು ಸುತ್ತಿಗೆ, ಬಾಡಿ ಫೈಲ್ ಎಣ್ಣೆ ಹಚ್ಚಿ ಇಟ್ಟಿದ್ದೇನೆ, ಹಬ್ಬಕ್ಕೆ ಅತ್ತೆ ಬರುವಾಗ ಕಳಿಸುತ್ತೇನೆ. ಅವು ನಿನ್ನವೇ, ವಾಪಸ್ ಕೊಡಬೇಡ.

ಇಂತಿ ನಿನ್ನ ಮಾವ