ಕಾಣದ ಗೆರೆಯನ್ನು ಬರೆಯಬೇಡ

ಚಿ. ಸೌಮ್ಯಳಿಗೆ ಮಾವನ ಆಶೀರ್ವಾದಗಳು.

ಮುಂದಿನ ವಾರ ಲ್ಯಾಬಿನಲ್ಲಿ ಹೈಡ್ರೋಜನ್ ಸ್ಪೆಕ್ಟ್ರಮ್, ಅಂದರೆ ಹೈಡ್ರೋಜನ್ ಸೂಸುವ ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ ಅಳೆಯುವ ಪ್ರಯೋಗ, ಅಂತ ಬರೆದಿದ್ದೀಯ. ಸೂತ್ರ ನಿನಗೆ ಬಾಯಿಪಾಠ, ಕೈ ಎಲ್ಲಿ ಎಡವುತ್ತದೆ ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲು ಒಂದು ಲೆಕ್ಕ ಮಾಡಿ ನೋಡು. ಹೈಡ್ರೋಜನ್ನಿನ ಎಲೆಕ್ಟ್ರಾನಿನ ಮೂರನೇ ಶಕ್ತಿಮಟ್ಟ –1.51 ಎಲೆಕ್ಟ್ರಾನ್ ವೋಲ್ಟ್, ಎರಡನೆಯದು –3.40. ಅಲ್ಲಿಂದ ಇಲ್ಲಿಗೆ ಇಳಿಯುವ ಎಲೆಕ್ಟ್ರಾನ್ 1.89 ಬಿಟ್ಟುಕೊಡಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಎಲೆಕ್ಟ್ರಾನ್ ವೋಲ್ಟನ್ನು ತರಂಗದೂರಕ್ಕೆ ತಿರುಗಿಸುವ ಸಂಖ್ಯೆ 1240ನ್ನು ಅದರಿಂದ ಭಾಗಿಸಿದರೆ 656 ನ್ಯಾನೊಮೀಟರ್, ಅದೇ ನೀನು ನೋಡಲಿರುವ ಕೆಂಪು ಗೆರೆ. ಬಲ್ಬಿನ ತಂತಿಯಲ್ಲಿ ಪರಮಾಣುಗಳು ಒತ್ತೊತ್ತಾಗಿ ಕೂತಿರುವುದರಿಂದ ಮಟ್ಟಗಳು ಹರಡಿಕೊಂಡು ಬಣ್ಣವೆಲ್ಲ ಒಂದಕ್ಕೊಂದು ಬೆಸೆದುಹೋಗುತ್ತದೆ. ವಿರಳವಾದ ಅನಿಲದಲ್ಲಿ ಆ ತೊಂದರೆ ಇಲ್ಲ, ಅದಕ್ಕೇ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆ.

ನೇರವಾಗಿ ಹೈಡ್ರೋಜನ್ನಿಗೆ ಕೈಹಾಕಬೇಡ. ಗೆರೆಗಳ ಅಳತೆ ಮೊದಲೇ ಗೊತ್ತಿರುವ ಪಾದರಸದ ದೀಪದಿಂದ ಶುರುಮಾಡು. ಅದು ಪೂರ್ತಿ ಬೆಳಗಲು ಐದರಿಂದ ಹತ್ತು ನಿಮಿಷ ಬೇಕು. ಒಮ್ಮೆ ಆರಿಸಿದರೆ ಒಳಗಿನ ಒತ್ತಡ ಇಳಿದು ತಣ್ಣಗಾಗುವ ತನಕ ಮತ್ತೆ ಹೊತ್ತುವುದಿಲ್ಲ, ಸ್ವಿಚ್ಚು ಕುಟ್ಟಿ ಪ್ರಯೋಜನವಿಲ್ಲ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಇಂಚಿಗೆ 15000 ಗೀರಿನದಾದರೆ 546.1 ನ್ಯಾನೊಮೀಟರಿನ ಹಸಿರು ಗೆರೆ ಮೊದಲ ಕ್ರಮಾಂಕದಲ್ಲಿ, ಅಂದರೆ ನೇರ ಬೆಳಕಿನ ಪಕ್ಕದ ಮೊದಲ ಬಣ್ಣದ ಸಾಲಿನಲ್ಲಿ, ಸುಮಾರು 18.8 ಡಿಗ್ರಿಗೆ ಸಿಗಬೇಕು. ಎಡಕ್ಕೂ ಬಲಕ್ಕೂ ಅಷ್ಟೇ ಬರಬೇಕು. ಹತ್ತಿಪ್ಪತ್ತು ಆರ್ಕ್ ನಿಮಿಷ (ಅರವತ್ತು ಸೇರಿದರೆ ಒಂದು ಡಿಗ್ರಿ) ವ್ಯತ್ಯಾಸ ಕಂಡರೆ ಗ್ರೇಟಿಂಗ್ ಓರೆಯಾಗಿದೆ ಅಂತ ತಿಳಿ. ಸರಾಸರಿ ತೆಗೆದು ಮುಚ್ಚಿಹಾಕದೆ ಮತ್ತೆ ನೆಟ್ಟಗೆ ಮಾಡು. ಕೋನ ಅಳೆಯುವ ಎರಡೂ ವರ್ನಿಯರ್ ಪಟ್ಟಿ ಓದು, 360 ದಾಟುವ ಕಡೆ ಕಳೆಯುವಾಗ ಎಚ್ಚರ. ಅಂಕಗಳು ಹೆಚ್ಚಾಗಿ ಹೋಗುವುದು ಅಲ್ಲೇ.

ಸೋಡಿಯಂ ದೀಪ ಹಚ್ಚಿದೊಡನೆ ಗುಲಾಬಿ ಬಣ್ಣ ಬಂದರೆ ಗಾಬರಿಯಾಗಬೇಡ, ಅದು ಒಳಗಿರುವ ನಿಯಾನ್. ಸೋಡಿಯಂ ಆವಿಯಾದ ಮೇಲೆ ಹಳದಿಗೆ ತಿರುಗುತ್ತದೆ. ಅದರ 589.0 ಮತ್ತು 589.6ರ ಜೋಡಿ ಮೊದಲ ಕ್ರಮಾಂಕದಲ್ಲಿ ಒಂದೂಕಾಲು ಆರ್ಕ್ ನಿಮಿಷವಷ್ಟೇ ದೂರ; ಎರಡನೆಯದರಲ್ಲಿ ಸುಮಾರು 3.4. ಆದ್ದರಿಂದ ಎರಡನೆಯದಕ್ಕೆ ಹೋಗು, ಬೆಳಕು ಒಳಬರುವ ಸೀಳನ್ನು ಕೂದಲೆಳೆಯಷ್ಟು ಕಿರಿದು ಮಾಡು. ಅಗಲ ಬಿಟ್ಟರೆ ಎರಡೂ ಸೇರಿ ಒಂದೇ ದಪ್ಪ ಗೆರೆ.

ಇನ್ನು ಹೈಡ್ರೋಜನ್ ಕೊಳವೆ. ಅದಕ್ಕೆ ಸಾವಿರಾರು ವೋಲ್ಟ್ ಕೊಟ್ಟಿರುತ್ತಾರೆ ಕಣಮ್ಮ, ಉರಿಯುವಾಗ ತುದಿ ಮುಟ್ಟಬೇಡ. ಸತತವಾಗಿ ಉರಿಸಿದರೆ ಬಿಸಿಯಾಗಿ ಬೇಗ ಹಾಳಾಗುತ್ತದೆ; ಅರ್ಧ ನಿಮಿಷ ಉರಿಸಿ ಅರ್ಧ ನಿಮಿಷ ಬಿಡು. ನಡುವಿನ ಸಣ್ಣ ನಾಳವೇ ಸೀಳಿನ ಮುಂದೆ ಬರಲಿ. ಒಡೆಯದ ಹೈಡ್ರೋಜನ್ ಅಣುವೂ ಅಲ್ಲಿ ಬೆಳಗುವುದರಿಂದ ಮಂಕಾದ ಹತ್ತಾರು ಗೆರೆ ನಡುವೆ ಕಾಣುತ್ತವೆ. ಅವುಗಳ ಹಿಂದೆ ಹೋಗಬೇಡ. ಕೆಂಪು 22.8, ಹಸಿರುನೀಲಿ 16.7, ನೇರಳೆ 14.9 ಡಿಗ್ರಿಯ ಆಸುಪಾಸಿನಲ್ಲಿ ಎದ್ದು ಕಾಣುವುದನ್ನು ಹಿಡಿ.

410.2ರ ನಾಲ್ಕನೆಯದು ಕಣ್ಣಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೋಣೆ ಕತ್ತಲು ಮಾಡಿ ಐದು ನಿಮಿಷ ಕಣ್ಣು ಹೊಂದಿಸಿಕೊಂಡು ನೋಡು. ಆಗಲೂ ಕಾಣದಿದ್ದರೆ ರೆಕಾರ್ಡಿನಲ್ಲಿ ಆ ಸಾಲು ಖಾಲಿ ಬಿಡು, ಪಕ್ಕದವರ ಪುಸ್ತಕದಿಂದ ಇಳಿಸಬೇಡ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಕಾಣಲಿಲ್ಲ ಅನ್ನು, ಯಾಕೆ ಅಂತಲೂ ಹೇಳು: ಆ ಬಣ್ಣಕ್ಕೆ ನಮ್ಮ ಕಣ್ಣೇ ಮಂದ.

ಇಂತಿ,
ನಿನ್ನ ಮಾವ